ಕುರ್ಚಿ ಬೀಗರು

‘ಬೀಗ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಬಾಗಿಲಿಗೆ ಹಾಕುವುದು ಒಂದು. ನಮ್ಮ ಮಗಳನ್ನು ಸೊಸೆಯಾಗಿಯೋ ಮಗನನ್ನು ಅಳಿಯನಾಗಿಯೋ ಮಾಡಿಕೊಂಡವನು ಇನ್ನೊಂದು. ನಾನಾರ್ಥಗಳ ಪಾಠ ಮಾಡುವಾಗಲೆಲ್ಲ ಇದನ್ನು ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಿದ್ದರು, ಮುಂದಿನ ತರಗತಿಗೆ ಹೋಗುತ್ತಿದ್ದರು. ಆದರೆ ಮೊದಲನೆಯ ಬೀಗವನ್ನು ತೆಗೆಸಿ ಎರಡನೆಯ ಬೀಗರನ್ನು ತಂದು ಕೂರಿಸುವುದು ಹೇಗೆಂದು ತೋರಿಸಿಕೊಟ್ಟವರು ನಮ್ಮ ಶಾಲೆಯ ಹೊಲಿಗೆ ಟೀಚರ್. ಅವರನ್ನು ನೆನೆದರೆ ಇಂದಿಗೂ ನನ್ನ ಎದೆ ತಂಪಾಗುತ್ತದೆ.

ನಮ್ಮದು ಎರಡು ಪಾಳಿಯ ಶಾಲೆ. ಮಕ್ಕಳು ಹೆಚ್ಚು, ಕೋಣೆಗಳು ಕಡಿಮೆ. ಮಧ್ಯಾಹ್ನದ ಗಂಟೆ ಹೊಡೆದಾಗ ಬೆಳಗಿನ ಪಾಳಿಯವರು ಮುಂದಿನ ಗೇಟಿನಿಂದ ಹೊರಗೆ ಹೋಗಬೇಕು, ಮಧ್ಯಾಹ್ನದ ಪಾಳಿಯವರು ಪಕ್ಕದ ಗೇಟಿನಿಂದ ಒಳಗೆ ಬರಬೇಕು. ನೂಕುನುಗ್ಗಲು ಆಗದಿರಲೆಂದು ಮಾಡಿದ ಏರ್ಪಾಡು ಅದು. ಮಕ್ಕಳ ಹಿಂದೆ ಉಪಾಧ್ಯಾಯರೂ ಹಾಗೆಯೇ ಹೋಗುತ್ತಿದ್ದರು, ಬರುತ್ತಿದ್ದರು. ಹೀಗಾಗಿ ಒಂದೇ ಶಾಲೆ, ಒಬ್ಬರೇ ಹೆಡ್‌ಮಿಸ್, ಒಂದೇ ಸ್ಟಾಫ್ ರೂಮು, ಅದೇ ಮೇಜು, ಅದೇ ಕುರ್ಚಿಗಳು. ಆದರೆ ಒಂದು ಪಾಳಿಯವರು ಇನ್ನೊಂದು ಪಾಳಿಯವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ.

ಮುಖ ನೋಡದವರ ಮೇಲೆ ಕೋಪ ಬರುವುದು ಸುಲಭ. ಸೀಮೆಸುಣ್ಣ ಮುಗಿದಿದ್ದರೆ ‘ಅವರು’ ಮುಗಿಸಿದ್ದಾರೆ. ಕಿಟಕಿಯ ಗಾಜು ಒಡೆದಿದ್ದರೆ ‘ಅವರ’ ಮಕ್ಕಳು ಒಡೆದಿದ್ದಾರೆ. ಚಹಾದ ಲೋಟಗಳ ಕರೆಯೂ ಅವರದೇ. ಸ್ಟಾಫ್ ರೂಮಿನಲ್ಲಿ ಎರಡು ಕಪಾಟುಗಳಿದ್ದವು. ಎರಡಕ್ಕೂ ಬೇರೆ ಬೇರೆ ಬೀಗ. ಉದ್ದನೆಯ ಮೇಜಿಗೆ ಹಾಸುವ ಬಟ್ಟೆ ಕೂಡ ಬೇರೆ. ಬೆಳಗಿನ ಪಾಳಿಯ ನಮ್ಮದು ಹಸಿರು, ಮಧ್ಯಾಹ್ನದ ಅವರದು ಹಳದಿ. ಪಾಳಿ ಮುಗಿದೊಡನೆ ನಾವು ಹಸಿರು ಬಟ್ಟೆಯನ್ನು ಮಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದೆವು. ಶತ್ರುಗಳಿಗೆ ನಮ್ಮ ಬಾವುಟ ಸಿಕ್ಕಬಾರದಲ್ಲ!

ಈ ಯುದ್ಧದ ಮುಂಚೂಣಿಯಲ್ಲಿದ್ದವರು ಇಬ್ಬರು. ಬೆಳಗಿನ ಪಾಳಿಯ ಲೆಕ್ಕದ ಮೇಷ್ಟ್ರು ಆರಡಿಯ ಆಳು. ಮಧ್ಯಾಹ್ನದ ಪಾಳಿಯ ಚರಿತ್ರೆ ಟೀಚರ್ ಅವರ ಭುಜಕ್ಕೂ ಬರುತ್ತಿರಲಿಲ್ಲ. ವಿಧಿ ಇವರಿಬ್ಬರಿಗೂ ಕಿಟಕಿಯ ಪಕ್ಕದ ಒಂದೇ ಕುರ್ಚಿಯನ್ನು ಬರೆದಿತ್ತು. ಚರಿತ್ರೆ ಟೀಚರು ಕುರ್ಚಿಯ ಮೇಲೊಂದು ದಿಂಬು, ಕಾಲ ಕೆಳಗೊಂದು ಮರದ ಹಲಗೆ ಇಟ್ಟುಕೊಳ್ಳುತ್ತಿದ್ದರು. ಲೆಕ್ಕದ ಮೇಷ್ಟ್ರು ಬೆಳಿಗ್ಗೆ ಬಂದವರೇ ಹಲಗೆಯನ್ನು ಎಡವುತ್ತಿದ್ದರು, ದಿಂಬನ್ನು ಎತ್ತಿ ಕಪಾಟಿನ ತಲೆಯ ಮೇಲೆ ಎಸೆಯುತ್ತಿದ್ದರು. ಮಧ್ಯಾಹ್ನ ಅದನ್ನು ಇಳಿಸಿಕೊಳ್ಳಲು ಚರಿತ್ರೆ ಟೀಚರು ಕುರ್ಚಿ ಹತ್ತಬೇಕಾಗುತ್ತಿತ್ತು. ಆ ಕುರ್ಚಿಯ ಒಂದು ಕಾಲು ಬೇರೆ ಅಲುಗಾಡುತ್ತಿತ್ತು.

ಇಂಥ ಕೋಣೆಗೆ ಬಂದವರು ಹೊಲಿಗೆ ಟೀಚರ್.

ಅವರ ವೇಳಾಪಟ್ಟಿ ವಿಚಿತ್ರವಾಗಿತ್ತು. ಬೆಳಗಿನ ಪಾಳಿಯ ಕೊನೆಯ ಪೀರಿಯಡ್ಡುಗಳು, ಮಧ್ಯಾಹ್ನದ ಪಾಳಿಯ ಮೊದಲ ಪೀರಿಯಡ್ಡುಗಳು ಅವರಿಗೆ. ನಡುವೆ ಗಂಟೆ ಹೊಡೆದು ಎಲ್ಲರೂ ಹೋಗುವಾಗ, ಎಲ್ಲರೂ ಬರುವಾಗ, ಕೋಣೆಯಲ್ಲಿ ಉಳಿಯುವವರು ಅವರೊಬ್ಬರೇ. ಹಸಿರು ಬಟ್ಟೆ ಹೋಗಿ ಹಳದಿ ಬರುವವರೆಗೂ ಬರಿಯ ಮೇಜಿನ ಮುಂದೆ ಕುಳಿತು ತಮ್ಮ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ‘ನಾನು ಬಾಗಿಲ ಹೊಸ್ತಿಲು ಇದ್ದ ಹಾಗೆ, ಮೇಷ್ಟ್ರೇ’ ಎಂದು ಒಮ್ಮೆ ನನಗೆ ಹೇಳಿದ್ದರು. ‘ಒಳಗೂ ಅಲ್ಲ, ಹೊರಗೂ ಅಲ್ಲ. ಎಲ್ಲರೂ ದಾಟ್ಕೊಂಡು ಹೋಗ್ತಾರೆ.’

ಅವರು ದರ್ಜಿಯ ಮಗಳು. ಅಪ್ಪನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಗಳ ರಾಶಿಯಲ್ಲಿ ಆಡಿ ಬೆಳೆದವರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಉಳಿದದ್ದು ಕಿವಿ ಮಂದವಾದ ಅತ್ತೆ, ಒಂದು ಹೊಲಿಗೆ ಯಂತ್ರ, ಪುಸ್ತಕದಂಗಡಿಯ ಮೇಲಿನ ಎರಡು ಕೋಣೆಯ ಮನೆ. ಶಾಲೆಯ ಈ ಕೆಲಸದಲ್ಲಿಯೇ ಅತ್ತೆ ಸೊಸೆಯರ ಬದುಕು ಸಾಗಬೇಕಾಗಿತ್ತು. ಅವರ ಬಾಯಲ್ಲಿ ಸದಾ ನಾಲ್ಕಾರು ಗುಂಡುಪಿನ್ನುಗಳು ಇರುತ್ತಿದ್ದವು. ಯಾರಾದರೂ ಮಾತಾಡಿಸಿದರೆ ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು, ಕನ್ನಡಕ ಸರಿಮಾಡಿಕೊಂಡು, ಆಮೇಲೆ ಉತ್ತರ ಕೊಡುವುದು ಅವರ ಪದ್ಧತಿ.

ಎರಡು ಪಾಳಿಗೂ ಸಿಕ್ಕುವವರು ಅವರೊಬ್ಬರೇ ಆದ್ದರಿಂದ ಸಂದೇಶಗಳು ಅವರ ಮೂಲಕವೇ ಹೋಗಬೇಕಾಯಿತು. ಮೊದಲ ವಾರವೇ ಲೆಕ್ಕದ ಮೇಷ್ಟ್ರು ಗುಡುಗಿದರು.

‘ಟೀಚರ್, ಆ ಮಹಾತಾಯಿಗೆ ಹೇಳಿ. ಇದು ಕುರ್ಚಿ, ಸಿಂಹಾಸನ ಅಲ್ಲ. ದಿಂಬು, ಪಾದಪೀಠ ಎಲ್ಲ ಬೇಕು ಅಂದ್ರೆ ಮನೇಲಿ ಕೂತ್ಕೊಳ್ಳಲಿ!’

‘ಹೇಳ್ತೀನಿ, ಮೇಷ್ಟ್ರೇ.’

ಮಾರನೆಯ ದಿನ ಮೇಷ್ಟ್ರು ಕಾಯುತ್ತಿದ್ದರು. ‘ಹೇಳಿದ್ರಾ? ಏನಂದ್ರು?’

ಹೊಲಿಗೆ ಟೀಚರು ಪಿನ್ನುಗಳನ್ನು ತೆಗೆದರು. ಒಂದು, ಎರಡು, ಮೂರು. ಕನ್ನಡಕ ಸರಿಮಾಡಿಕೊಂಡರು. ‘ಪಾಪ, ಬಹಳ ನೊಂದ್ಕೊಂಡ್ರು. ಅಷ್ಟು ಎತ್ತರದವರಿಗೆ ಈ ಕುರ್ಚಿಯಿಂದ ಮೊಣಕಾಲು ನೋಯಲ್ವಾ ಅಂತ ಕೇಳಿದ್ರು.’

ಲೆಕ್ಕದ ಮೇಷ್ಟ್ರ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ‘ಹಾಗಂದ್ರಾ?’ ಎಂದವರೇ ಅಂದು ದಿಂಬನ್ನು ಎಸೆಯದೆ ಕುರ್ಚಿಯ ಕೈಯ ಮೇಲಿಟ್ಟು ಹೋದರು.

ಹೀಗೆ ಶುರುವಾಯಿತು. ಮೇಷ್ಟ್ರ ಮಗಳ ಪರೀಕ್ಷೆಯ ಬಗ್ಗೆ ಚರಿತ್ರೆ ಟೀಚರು ವಿಚಾರಿಸಿದರಂತೆ. ಚರಿತ್ರೆ ಟೀಚರ ತಾಯಿ ಜಾರಿ ಬಿದ್ದಾಗ ಲೆಕ್ಕದ ಮೇಷ್ಟ್ರು ಮೂರು ಸಲ ಕೇಳಿದರಂತೆ. ಒಂದು ಬೆಳಿಗ್ಗೆ ಮೇಷ್ಟ್ರು ಸುತ್ತಿಗೆ ಮೊಳೆ ತಂದು ಕುರ್ಚಿಯ ಅಲುಗುವ ಕಾಲನ್ನು ಬಿಗಿ ಮಾಡಿದರು. ‘ನಮ್ಮದು ಅಂತ ಮಾಡ್ತಿಲ್ಲ, ಬಿದ್ದು ಗಿದ್ದು ಹೋದಾರು’ ಎಂದು ನಮಗೆಲ್ಲ ಕೇಳುವಂತೆ ಹೇಳಿದರು. ಮರುದಿನ ಆ ಮರದ ಹಲಗೆ ಕಾಲಿಗೆ ಸಿಕ್ಕದಂತೆ ಗೋಡೆಗೆ ಒರಗಿತ್ತು. ಕುರ್ಚಿ ಹಂಚಿಕೊಂಡ ಇತರರ ನಡುವೆಯೂ ಹೀಗೆಯೇ ಒಳ್ಳೆಯ ಮಾತುಗಳು ಓಡಾಡತೊಡಗಿದವು. ‘ನಿಮ್ಮ ಬೀಗರು ಕೇಳಿದ್ರು’ ಎನ್ನುವುದು ಹೊಲಿಗೆ ಟೀಚರ ವಾಡಿಕೆಯ ಮಾತು. ‘ಯಾವ ಬೀಗರು?’ ಎಂದರೆ, ‘ಇನ್ಯಾವ್ರು? ಕುರ್ಚಿ ಬೀಗರು!’ ಒಂದು ಮನೆಯ ಹೆಣ್ಣು ಇನ್ನೊಂದು ಮನೆಗೆ ಹೋದ ಹಾಗೆ, ಬೆಳಿಗ್ಗೆ ಈ ಮನೆಯಲ್ಲಿದ್ದ ಕುರ್ಚಿ ಮಧ್ಯಾಹ್ನ ಆ ಮನೆಗೆ ಹೋಗುತ್ತದೆ. ಅಂದ ಮೇಲೆ ಎರಡು ಕಡೆಯವರೂ ಬೀಗರಾಗದೆ ಮತ್ತೇನು ಎಂಬುದು ಅವರ ವಾದ. ವ್ಯಾಕರಣದ ಮೇಷ್ಟ್ರಾದ ನನಗೂ ಅದರಲ್ಲಿ ತಪ್ಪು ಸಿಕ್ಕಲಿಲ್ಲ.

ಆದರೂ ಕಪಾಟಿನ ಬೀಗಗಳು ಹಾಗೆಯೇ ಇದ್ದವು. ಹಸಿರು ಹಸಿರೇ, ಹಳದಿ ಹಳದಿಯೇ. ಒಳ್ಳೆಯ ಮಾತುಗಳೆಲ್ಲ ಒಬ್ಬರ ಬಾಯಿಂದಲೇ ಬರುತ್ತಿದ್ದವು.

ಹೀಗೆಯೇ ಕೆಲವು ವರ್ಷ ಕಳೆದ ಮೇಲೆ ಹೊಲಿಗೆ ಟೀಚರಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ನೋಡಿ ಆಪರೇಷನ್ ಆಗಲೇಬೇಕು, ಆಮೇಲೆ ಕೆಲವು ತಿಂಗಳು ಮಲಗಿರಬೇಕು ಎಂದರು. ಟೀಚರು ಒಪ್ಪಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಹೊಲಿಗೆಯನ್ನು ಪಾಠಪಟ್ಟಿಯಿಂದ ತೆಗೆಯಬೇಕೆಂಬ ಮಾತು ಮೇಲಿನ ಕಚೇರಿಯಲ್ಲಿ ನಡೆಯುತ್ತಿತ್ತು. ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಮೇಡಂ ಬಂದು ತರಗತಿ ನಡೆದಿದೆಯೇ, ಮಕ್ಕಳು ಏನು ಹೊಲಿದಿದ್ದಾರೆ ಎಂದು ನೋಡುವವರಿದ್ದರು. ತೋರಿಸಲು ಏನೂ ಇಲ್ಲದಿದ್ದರೆ ಹೊಲಿಗೆ ಪಾಠವೂ ಹೋಗುತ್ತದೆ, ಅದರ ಹಿಂದೆಯೇ ಟೀಚರ ಕೆಲಸವೂ ಹೋಗುತ್ತದೆ. ‘ಇನ್‌ಸ್ಪೆಕ್ಷನ್ ಮುಗೀಲಿ, ಆಮೇಲೆ ಕುಯ್ಸಿಕೊಳ್ತೀನಿ’ ಎಂದು ಅವರು ಹಟ ಹಿಡಿದರು. ಡಾಕ್ಟರು ಹೆಡ್‌ಮಿಸ್ಸಿಗೇ ಹೇಳಿ ಕಳುಹಿಸಿದರು: ತಡಮಾಡಿದರೆ ಅಪಾಯ.

ಹೆಡ್‌ಮಿಸ್ ಒಂದು ರಜೆಯ ದಿನ, ಟೀಚರ ತರಗತಿಗಳನ್ನು ನಡೆಸಿಕೊಡಿ ಎಂದು ಕೇಳಲು, ಅವರೊಬ್ಬರನ್ನು ಬಿಟ್ಟು ಎರಡು ಪಾಳಿಯವರನ್ನೂ ಒಟ್ಟಿಗೆ ಕರೆದರು. ಶಾಲೆ ಶುರುವಾದಂದಿನಿಂದ ಹಾಗೆ ಕರೆದದ್ದು ಅದೇ ಮೊದಲು.

ಕೋಣೆಗೆ ಹೋದ ಮೇಲೆಯೇ ತೊಡಕು ತಿಳಿದದ್ದು. ಪ್ರತಿ ಕುರ್ಚಿಗೂ ಇಬ್ಬರು ಯಜಮಾನರು! ಯಾರೂ ಕೂರಲಿಲ್ಲ. ‘ನೀವು ಕೂತ್ಕೊಳ್ಳಿ.’ ‘ಛೆ, ಛೆ, ನೀವು.’ ಇಷ್ಟು ವರ್ಷ ಕುರ್ಚಿಗಾಗಿ ಹೊಡೆದಾಡಿದವರು ಈಗ ಕುರ್ಚಿಗಳ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಮೇಜು ಬರಿದಾಗಿತ್ತು; ಯಾವ ಬಟ್ಟೆ ಹಾಸುವುದೆಂದು ತಿಳಿಯದೆ ಜವಾನ ಎರಡನ್ನೂ ಹಾಸಿರಲಿಲ್ಲ.

ಲೆಕ್ಕದ ಮೇಷ್ಟ್ರು ಬಂದು ಕಿಟಕಿಯ ಪಕ್ಕ ನಿಂತರು. ಚರಿತ್ರೆ ಟೀಚರು ತಲೆಯೆತ್ತಿ ನೋಡಿ, ‘ಓ, ನೀವೇ ಅಲ್ವಾ! ಎತ್ತರ ನೋಡಿದ್ರೇ ಗೊತ್ತಾಗುತ್ತೆ’ ಎಂದು ನಕ್ಕರು. ‘ಮೇಷ್ಟ್ರೇ, ನಮ್ಮಮ್ಮ ಬಿದ್ದಾಗ ನೀವು ಅಷ್ಟು ವಿಚಾರಿಸ್ಕೊಂಡ್ರಲ್ಲ, ನಾನು ಮರೆಯೋದಿಲ್ಲ.’

ಲೆಕ್ಕದ ಮೇಷ್ಟ್ರಿಗೆ ಸುಳ್ಳು ಒಪ್ಪಿಕೊಳ್ಳಲು ಬಾರದು. ‘ನಾನಾ? ನಿಮ್ಮ ತಾಯಿ ಬಿದ್ದಿದ್ರಾ?’

‘ಮತ್ತೆ ಮೂರು ಸಲ ಕೇಳಿದ್ರಂತಲ್ಲ?’

‘ಇಲ್ಲಮ್ಮ. ನೀವೇ ನನ್ನ ಮಗಳ ಪರೀಕ್ಷೆ ಹೇಗಾಯ್ತು ಅಂತ ಕೇಳಿದ್ರಿ.’

‘ನಿಮಗೆ ಮಗಳಿದ್ದಾಳಾ?’

ಆಮೇಲೆ ಮೂಲೆಯಿಂದ ಒಬ್ಬರು, ಕಿಟಕಿಯಿಂದ ಒಬ್ಬರು. ‘ಹಾಗಾದ್ರೆ ನನ್ನ ಅಕ್ಷರ ಚೆನ್ನಾಗಿದೆ ಅಂತ ನೀವು ಹೇಳ್ಲಿಲ್ವಾ?’ ‘ನಾನು ಹೇಳಿದ್ದು ಬೋರ್ಡು ಒರೆಸಿ ಹೋಗಿ ಅಂತ!’ ಇಷ್ಟು ವರ್ಷ ನಮ್ಮ ನಡುವೆ ಓಡಾಡಿದ ಒಂದು ಒಳ್ಳೆಯ ಮಾತನ್ನೂ ನಾವು ಯಾರೂ ಆಡಿರಲಿಲ್ಲ. ಎಲ್ಲವೂ ಪಿನ್ನು ತೆಗೆಯುವಷ್ಟು ಹೊತ್ತಿನಲ್ಲಿ ಹೊಲಿದ ಮಾತುಗಳು.

‘ಅಂದ್ರೆ ಆಯಮ್ಮ ನಮ್ಮನ್ನೆಲ್ಲ ಮಂಗ ಮಾಡಿದ್ಲು’ ಎಂದರು ಮಧ್ಯಾಹ್ನದ ಡ್ರಾಯಿಂಗ್ ಮೇಷ್ಟ್ರು. ಮುಖ ಕೆಂಪಗಾಗಿತ್ತು. ‘ಈಗ ಅವಳ ಕ್ಲಾಸನ್ನ ನಾವು ತಗೋಬೇಕಾ?’

ಹೆಡ್‌ಮಿಸ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚರಿತ್ರೆ ಟೀಚರು ಲೆಕ್ಕದ ಮೇಷ್ಟ್ರನ್ನು ಕೇಳಿದರು. ‘ಈ ಕುರ್ಚಿ ಕಾಲಿಗೆ ಮೊಳೆ ಹೊಡೆದಿದ್ದು ಯಾರು? ಅದೂ ಕಟ್ಟುಕತೆನಾ?’

‘ಅದು ನಾನೇ’ ಎಂದರು ಮೇಷ್ಟ್ರು.

‘ಯಾಕೆ ಹೊಡೆದ್ರಿ?’

‘ನೀವು ನನ್ನ ಮಗಳ ವಿಚಾರ ಕೇಳಿದ್ರಿ ಅಂತ...’

‘ನಾನು ಕೇಳಿರಲಿಲ್ವಲ್ಲ.’

ಮೇಷ್ಟ್ರು ಮೊಳೆ ಹೊಡೆದ ಕಾಲನ್ನು ನೋಡುತ್ತ ನಿಂತರು. ಅವರ ಲೆಕ್ಕದಲ್ಲಿ ಇದು ಕೂಡಿ ಬರುತ್ತಿರಲಿಲ್ಲ.

ಚರಿತ್ರೆ ಟೀಚರು ಕುರ್ಚಿಯ ಹಿಂಬದಿಯನ್ನು ಹಿಡಿದುಕೊಂಡು, ‘ಸರಿ, ಈಗ ಕೇಳ್ತೀನಿ’ ಎಂದರು. ‘ಮೇಷ್ಟ್ರೇ, ನಿಮ್ಮ ಮಗಳು ಹೇಗಿದ್ದಾಳೆ?’

‘ಪಾಸಾದ್ಲು. ಮದುವೆನೂ ಆಯ್ತು. ಹೋದ ತಿಂಗಳು ಮಗು ಆಯ್ತು. ಹೆಣ್ಣು ಮಗು.’ ಮೇಷ್ಟ್ರು ಅವರ ಎತ್ತರಕ್ಕೆ ಸ್ವಲ್ಪ ಬಾಗಿದರು. ‘ನಿಮ್ಮ ತಾಯಿ ಹೇಗಿದ್ದಾರೆ?’

‘ಕೋಲು ಹಿಡ್ಕೊಂಡು ಓಡಾಡ್ತಾರೆ. ಆ ಕೋಲಲ್ಲೇ ನಮಗೆಲ್ಲ ಹೊಡೀತಾರೆ.’

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಸ್ವಲ್ಪ ಹೊತ್ತು ಬಿಗಿದುಕೊಂಡೇ ಇದ್ದು, ಕೊನೆಗೆ ತಮ್ಮ ಪಾಲಿನ ಕುರ್ಚಿಯನ್ನು ಎಳೆದು, ‘ಅರ್ಧರ್ಧ ಕೂರೋಣ ಬನ್ನಿ, ಬೀಗರೇ’ ಎಂದು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕರೆದರು. ಹೊಲಿಗೆ ತರಗತಿಗಳನ್ನು ಎರಡು ಪಾಳಿಯವರೂ ಸರದಿಯ ಮೇಲೆ ನಡೆಸುವುದೆಂದು ಆಯಿತು.

ಒಪ್ಪಿದ್ದೇನೋ ಆಯಿತು. ನಮ್ಮಲ್ಲಿ ಒಬ್ಬರಿಗೂ ಹೊಲಿಯಲು ಬರುತ್ತಿರಲಿಲ್ಲ.

ಆ ಸಂಜೆಯೇ ಬೀಗರಿಬ್ಬರೂ, ಅವರ ಜೊತೆಗೆ ನಾನೂ, ಪುಸ್ತಕದಂಗಡಿಯ ಮೇಲಿನ ಮನೆಗೆ ಹೋದೆವು. ಲೆಕ್ಕದ ಮೇಷ್ಟ್ರನ್ನೂ ಚರಿತ್ರೆ ಟೀಚರನ್ನೂ ಒಟ್ಟಿಗೆ ಬಾಗಿಲಲ್ಲಿ ನೋಡಿದ ಕೂಡಲೇ ಹೊಲಿಗೆ ಟೀಚರಿಗೆ ಎಲ್ಲ ಅರ್ಥವಾಯಿತು. ಹೊಲಿಯುತ್ತಿದ್ದವರು ಎದ್ದು ನಿಂತರು. ಬಾಯಲ್ಲಿ ಪಿನ್ನುಗಳಿದ್ದವು, ಅವನ್ನು ತೆಗೆಯಲೇ ಇಲ್ಲ.

‘ಸಿಕ್ಕಿಬಿದ್ರಿ, ಟೀಚರ್’ ಎಂದರು ಚರಿತ್ರೆ ಟೀಚರು.

ಅತ್ತೆ ಮಂಚದ ಮೇಲಿಂದ, ‘ಏನಂತೆ? ಏನಂತೆ?’ ಎಂದು ಕೂಗಿದರು. ಮೇಷ್ಟ್ರು ಅವರ ಕಿವಿಯ ಬಳಿ ಹೋಗಿ, ‘ನಿಮ್ಮ ಸೊಸೆ ಹೇಳಿದ್ದನ್ನ ಹೇಳಿದ ಹಾಗೆ ಮುಟ್ಸಲ್ಲ!’ ಎಂದು ಕೂಗಿದರು.

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕರು. ‘ಅಯ್ಯೋ, ಈಗ ಗೊತ್ತಾಯ್ತಾ? ಇವಳು ಮದುವೆಯಾಗಿ ಬಂದಾಗ ನನಗೂ ನನ್ನ ದೊಡ್ಡ ಮಗನಿಗೂ ಮಾತೇ ಇರ್ಲಿಲ್ಲ. ಒಂದೇ ಮನೆ. ಅವನು ನೀರು ಕಾದಿಲ್ಲ ಅಂತ ಬೈದ್ರೆ, ಇವಳು ಬಂದು ಅಮ್ಮನಿಗೆ ನೆಗಡಿ ಆಗುತ್ತೆ, ಬಿಸಿನೀರು ಮಾಡ್ಕೊಡು ಅಂತ ಭಾವ ಅಂದ್ರು ಅನ್ನೋಳು. ನನ್ನ ಮಗ ಅಂಥ ಮಾತಾಡೋನೇ ಅಲ್ಲ. ಹೆತ್ತೋಳಿಗೆ ಗೊತ್ತಿರಲ್ವಾ?’

‘ಗೊತ್ತಿದ್ದೂ ಸುಮ್ನಿದ್ರಾ?’

‘ಕೇಳೋಕೆ ಹಿತವಾಗಿತ್ತು ಕಣಪ್ಪ. ಕೊನೆಗೊಂದು ದಿನ ಅವನೇ ಬಂದು ನೆಗಡಿ ಹೇಗಿದೆಯಮ್ಮ ಅಂದ.’

ಅಷ್ಟರಲ್ಲಿ ಹೊಲಿಗೆ ಟೀಚರು ಪಿನ್ನುಗಳನ್ನು ತೆಗೆದಿದ್ದರು. ಕಣ್ಣು ತುಂಬಿತ್ತು. ‘ನನ್ನ ಮೇಲೆ ಕೋಪಾನಾ, ಮೇಷ್ಟ್ರೇ? ಅಪ್ಪ ಹೇಳ್ಕೊಟ್ಟಿದ್ದು ಅದು. ಬಟ್ಟೆ ಒಗೆತಕ್ಕೆ ಕುಗ್ಗುತ್ತೆ, ಮಗು ಬೆಳೆಯುತ್ತೆ. ಅದಕ್ಕೇ ಯಾವಾಗ್ಲೂ ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀಬೇಕು. ಮಾತಿಗೂ ಹಾಗೇ ಅಂದ್ಕೊಂಡೆ. ಬಿಗಿಯಾಗಿ ಹೊಲಿದ್ರೆ ಯಾರಿಗೂ ಹಿಡಿಸಲ್ಲ.’

‘ಒಳ್ಳೇ ಮಾತು’ ಎಂದರು ಲೆಕ್ಕದ ಮೇಷ್ಟ್ರು ಬಹಳ ಗಂಭೀರವಾಗಿ. ‘ನೆನಪಿಟ್ಕೊಳ್ತೀನಿ. ನೀವು ನೆಮ್ಮದಿಯಾಗಿ ಆಪರೇಷನ್ ಮಾಡಿಸ್ಕೊಳ್ಳಿ. ಹೊಲಿಗೆ ನಮ್ಮ ಜವಾಬ್ದಾರಿ.’

ಆಸ್ಪತ್ರೆಗೆ ಸೇರುವ ಮುಂಚೆ ಟೀಚರು ನಮಗೆ ಪಾಠ ಹೇಳಿಕೊಟ್ಟರು. ಮೆಟ್ಟಿಲ ಕೆಳಗಿನ ಹೊಲಿಗೆ ಕೋಣೆಯಲ್ಲಿ, ಎರಡು ಪಾಳಿಯ ನಡುವಿನ ಬಿಡುವಿನಲ್ಲಿ, ನಾವೆಲ್ಲ ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದೆವು. ಡ್ರಿಲ್ ಮೇಷ್ಟ್ರು ಅಂಚು ಮಡಿಸಿ ಹೊಲಿಯುವುದರಲ್ಲಿ ಎಲ್ಲರನ್ನೂ ಮೀರಿಸಿದರು. ನಾನು ಒಂದು ಜೇಬಿನ ಬಾಯನ್ನೂ ಸೇರಿಸಿ ಹೊಲಿದುಬಿಟ್ಟೆ. ‘ಇದರಲ್ಲಿ ಇಟ್ಟಿದ್ದು ಎಂದೂ ಕಳೆಯಲ್ಲ’ ಎಂದು ಚರಿತ್ರೆ ಟೀಚರು ಅದನ್ನು ಎಲ್ಲರಿಗೂ ತೋರಿಸಿದರು. ‘ಒಳಗೆ ಇಡೋದು ಹೇಗೆ ಅಂತ ಮಾತ್ರ ಕೇಳ್ಬೇಡಿ.’

ಆ ವರ್ಷದ ಕೆಲಸ ಚಿಕ್ಕ ತರಗತಿಯ ಮಕ್ಕಳಿಗೆ ಬಿಳಿಯ ಅಂಗಿ ಹೊಲಿಯುವುದು. ಹೊಲಿಗೆ ಟೀಚರ ಪದ್ಧತಿಯಂತೆ ಬೆಳಗಿನ ಪಾಳಿಯ ಮಕ್ಕಳು ಅಳತೆ ತೆಗೆದು ಬಟ್ಟೆ ಕತ್ತರಿಸಬೇಕು. ಮಧ್ಯಾಹ್ನದ ಪಾಳಿಯ ಮಕ್ಕಳು ಹೊಲಿದು ಗುಂಡಿ ಹಾಕಬೇಕು. ಟೀಚರು ಆಸ್ಪತ್ರೆಗೆ ಸೇರಿದರು. ಅಳತೆ ಎಂದ ಮೇಲೆ ಅದು ಲೆಕ್ಕದ ಮೇಷ್ಟ್ರ ಕ್ಷೇತ್ರ. ಅವರು ಪ್ರತಿ ಮಗುವಿನ ಎದೆ, ಭುಜ, ತೋಳುಗಳನ್ನು ಅಳೆಸಿ, ಬಟ್ಟೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆಸಿ, ಎಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿ ಹಾಕಿಸಿದರು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನದವರು ಹೊಲಿದು ಮುಗಿಸಿದ ಮೇಲೆ ಮೊದಲ ಅಂಗಿಯನ್ನು ಒಂದು ಪುಟ್ಟ ಹುಡುಗಿಗೆ ತೊಡಿಸಿ ನೋಡಿದರು. ತಲೆ ತೂರಿತು, ಕೈಗಳು ತೂರಲಿಲ್ಲ. ಇನ್ನೊಂದು, ಮತ್ತೊಂದು. ಮಕ್ಕಳೆಲ್ಲ ಕಟ್ಟಿಹಾಕಿದ ಗುಬ್ಬಚ್ಚಿಗಳಂತೆ ಕೈ ಎತ್ತಿಕೊಂಡು ನಿಂತವು. ಚರಿತ್ರೆ ಟೀಚರು ಲೆಕ್ಕದ ಮೇಷ್ಟ್ರಿಗೆ ಹೇಳಿ ಕಳುಹಿಸಿದರು. ಮನೆಗೆ ಹೊರಟಿದ್ದವರು ಗೇಟಿನಿಂದ ವಾಪಸು ಬಂದರು.

‘ಮೇಷ್ಟ್ರೇ, ಹೊಲಿಗೆಗೆ ಅಂತ ಎಷ್ಟು ಬಟ್ಟೆ ಬಿಟ್ರಿ?’

‘ಬಿಡೋದು ಯಾಕೆ? ಅಳತೆ ಎಷ್ಟಿದೆಯೋ ಅಷ್ಟು.’

‘ಒಳಗೆ ಬಟ್ಟೆ ಬಿಟ್ಟು ಹೊಲೀಬೇಕು ಅಂತ ಅವತ್ತು ಟೀಚರ್ ನಿಮ್ಮ ಎದುರಿಗೇ ಹೇಳ್ಲಿಲ್ವಾ?’

ಮೇಷ್ಟ್ರ ಮುಖ ಬಿಳಿಚಿತು. ‘ಅದು ಮಾತಿನ ವಿಷಯಕ್ಕೆ ಹೇಳಿದ್ದು ಅಂದ್ಕೊಂಡೆ!’

ಉಪಮೇಯವನ್ನು ಭದ್ರವಾಗಿ ಹಿಡಿದುಕೊಂಡು ಉಪಮಾನವನ್ನೇ ಬಿಟ್ಟ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ. ಆದರೆ ನಗುವ ಹೊತ್ತಾಗಿರಲಿಲ್ಲ. ಶಾಲೆಯಲ್ಲಿ ಇನ್ನು ಬಿಳಿಯ ಬಟ್ಟೆ ಇರಲಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಹತ್ತಿರವಾಗಿತ್ತು. ಮೇಷ್ಟ್ರು ಒಂದು ಪುಟ್ಟ ಅಂಗಿಯನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಸಿದರು. ‘ಅವರ ಕೆಲಸ ಉಳಿಸೋಕೆ ಹೋಗಿ ನಾನೇ ಕತ್ತರಿ ಹಾಕಿದೆ’ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು.

ಟೀಚರು ಆಗ ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದರು. ಅವರಿಗೆ ಹೇಳಬಾರದೆಂದು ಎಲ್ಲರೂ ತೀರ್ಮಾನಿಸಿ, ನೋಡಿಕೊಂಡು ಬರಲು ನನ್ನನ್ನೂ ಚರಿತ್ರೆ ಟೀಚರನ್ನೂ ಕಳುಹಿಸಿದರು.

‘ಅಂಗಿ ಹೇಗೆ ಬಂದಿವೆ?’ ಎಂದು ಅವರು ಮಲಗಿದಲ್ಲಿಂದಲೇ ಕೇಳಿದರು.

‘ಬಹಳ ಚೆನ್ನಾಗಿವೆ’ ಎಂದರು ಚರಿತ್ರೆ ಟೀಚರು. ‘ಮಕ್ಕಳು ಹಾಕ್ಕೊಂಡು ಕುಣಿದಾಡ್ತಿವೆ.’

ಹೊಲಿಗೆ ಟೀಚರು ಅವರ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮೆಲ್ಲನೆ ನಕ್ಕರು. ಹೊಲಿಗೆ ಹಾಕಿದ ಹೊಟ್ಟೆ, ಜೋರಾಗಿ ನಗುವಂತಿರಲಿಲ್ಲ. ‘ಈ ಮಾತಿಗೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀರಿ, ಟೀಚರ್? ಈ ಕಸುಬು ನನ್ನದು. ನನಗೇ ಹೊಲೀತೀರಾ? ನಿಜ ಹೇಳಿ.’

ಹೇಳಿದೆವು. ಅವರು ಕಣ್ಣು ಮುಚ್ಚಿ ಯೋಚಿಸಿದರು. ‘ಎರಡೂ ಪಕ್ಕ ಬಿಚ್ಚಿ, ಕಂಕುಳಿಂದ ಕೆಳಗಿನವರೆಗೆ ಪಟ್ಟಿ ಕೊಡಿ. ತೋಳಿಗೂ ಕೊಡಿ. ಬಣ್ಣ ಬೇರೆ ಇದ್ರೂ ಪರವಾಗಿಲ್ಲ, ಎಲ್ಲಾ ಅಂಗಿಗೂ ಒಂದೇ ತರ ಇರ್ಲಿ. ಗಟ್ಟಿ ಬಟ್ಟೆ ನೋಡ್ಕೊಳ್ಳಿ.’

ಅಷ್ಟು ಅಂಗಿಗಳಿಗೆ ಸಾಲುವ ಗಟ್ಟಿ ಬಟ್ಟೆ ಎಲ್ಲಿದೆ? ಸ್ಟಾಫ್ ರೂಮಿನಲ್ಲಿ ಎರಡು ಪಾಳಿಯವರೂ ನಿಂತು ತಲೆ ಕೆರೆದುಕೊಂಡೆವು. ಆಗ ಲೆಕ್ಕದ ಮೇಷ್ಟ್ರು ಕಪಾಟಿನ ಬೀಗ ತೆಗೆದು ನಮ್ಮ ಹಸಿರು ಮೇಜುಬಟ್ಟೆಯನ್ನು ತಂದು ಹರಡಿದರು. ನಾವು ಅದನ್ನು ಎಷ್ಟು ಜೋಪಾನ ಮಾಡಿದ್ದೆವೋ, ಒಂದು ಕರೆಯೂ ಇರಲಿಲ್ಲ. ಎಲ್ಲರೂ ಅಳೆದು ನೋಡಿದೆವು, ಅರ್ಧಕ್ಕೆ ಸಾಲುತ್ತಿತ್ತು.

ಚರಿತ್ರೆ ಟೀಚರು ತಮ್ಮ ಕಪಾಟಿನ ಕಡೆ ನೋಡಿದರು. ‘ಹಳದಿ ಬಟ್ಟೆಗೆ ನಿಮ್ಮಷ್ಟು ಮಾನ ಇಲ್ಲ, ಮೇಷ್ಟ್ರೇ, ಚಹಾ ಬಿದ್ದಿದೆ’ ಎಂದು ಬೀಗದ ಕೈ ಹುಡುಕಿದರು. ‘ಕರೆ ಬಿಟ್ಟು ಕತ್ತರಿಸೋಣ.’

ಹೀಗೆ ಪ್ರತಿ ಅಂಗಿಗೂ ಎಡಗಡೆ ಹಸಿರು ಪಟ್ಟಿ, ಬಲಗಡೆ ಹಳದಿ ಪಟ್ಟಿ ಬಂತು. ಬೆಳಗಿನ ಮಕ್ಕಳು ಕತ್ತರಿಸಿದರು, ಮಧ್ಯಾಹ್ನದ ಮಕ್ಕಳು ಹೊಲಿದರು. ಬೆಳಗಿನ ಮೇಷ್ಟ್ರುಗಳು ಮಧ್ಯಾಹ್ನವೂ ಉಳಿದರು, ಮಧ್ಯಾಹ್ನದವರು ಬೆಳಿಗ್ಗೆಯೇ ಬಂದರು. ಲೆಕ್ಕದ ಮೇಷ್ಟ್ರು ಈ ಸಲ ಪ್ರತಿ ಪಟ್ಟಿಯ ಪಕ್ಕದಲ್ಲಿ ನಿಂತು, ‘ಬಟ್ಟೆ ಬಿಡಿ, ಒಳಗೆ ಬಟ್ಟೆ ಬಿಡಿ!’ ಎಂದು ಕೂಗುತ್ತಿದ್ದರು. ಕಪಾಟುಗಳಿಗೆ ಮತ್ತೆ ಬೀಗ ಹಾಕಿದ್ದು ನನಗೆ ನೆನಪಿಲ್ಲ. ಒಳಗೆ ಬಚ್ಚಿಡುವಂಥದ್ದು ಏನು ಉಳಿದಿತ್ತು?

ಇನ್‌ಸ್ಪೆಕ್ಟರ್ ಮೇಡಂ ಬಂದ ದಿನ ಹೊಲಿಗೆ ಟೀಚರು ಡಾಕ್ಟರ ಒಪ್ಪಿಗೆ ಪಡೆದು ರಿಕ್ಷಾದಲ್ಲಿ ಬಂದು, ಹೆಡ್‌ಮಿಸ್ಸಿನ ಕೋಣೆಯಲ್ಲಿ ಕುಳಿತರು. ಚಿಕ್ಕ ಮಕ್ಕಳು ಅಂಗಿ ತೊಟ್ಟು ಸಾಲಾಗಿ ನಿಂತಿದ್ದವು. ಇನ್‌ಸ್ಪೆಕ್ಟರ್ ನಗುವವರಲ್ಲ. ಒಂದು ಅಂಗಿಯ ಅಂಚನ್ನು ತಿರುಗಿಸಿ ಒಳಹೊಲಿಗೆ ನೋಡಿದರು. ಬದಿಯ ಪಟ್ಟಿಯನ್ನು ಎಳೆದು ನೋಡಿದರು.

‘ಈ ಪಟ್ಟಿಗಳು ಯಾಕೆ?’

ಲೆಕ್ಕದ ಮೇಷ್ಟ್ರು ಮುಂದೆ ಬಂದರು. ‘ಕತ್ತರಿಸಿದ್ದು ತಪ್ಪಾಯ್ತು, ಮೇಡಂ. ತಪ್ಪು ನನ್ನದು.’

‘ಹೊಲಿಯೋಕೆ ಮುಂಚೆ ನೋಡ್ಲಿಲ್ಲ. ತಪ್ಪು ನನ್ನದೂ’ ಎಂದರು ಅವರ ಭುಜದ ಕೆಳಗಿನಿಂದ ಚರಿತ್ರೆ ಟೀಚರು.

‘ನೀವು ಹೊಲಿಗೆ ಟೀಚರಾ?’

‘ಅಲ್ಲ. ನಾನು ಚರಿತ್ರೆ. ಇವರು ಲೆಕ್ಕ.’

ಇನ್‌ಸ್ಪೆಕ್ಟರ್ ಒಬ್ಬರಾದ ಮೇಲೊಬ್ಬರಂತೆ ನಮ್ಮನ್ನೆಲ್ಲ ನೋಡಿದರು. ಎಲ್ಲರ ಬೆರಳುಗಳಲ್ಲೂ ಸೂಜಿಯ ಗಾಯ. ಆಮೇಲೆ ನೇರವಾಗಿ ಹೆಡ್‌ಮಿಸ್ಸಿನ ಕೋಣೆಗೆ ಹೋದರು, ಬಾಗಿಲು ಮುಚ್ಚಿತು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಬರಿಯ ಮೇಜಿನ ಸುತ್ತ ಕುರ್ಚಿಗೆ ಇಬ್ಬಿಬ್ಬರಂತೆ ಕುಳಿತು ಕಾದೆವು.

ಬಹಳ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಹೊಲಿಗೆ ಟೀಚರು ಬಂದರು. ಅಂದು ಅವರ ಬಾಯಲ್ಲಿ ಪಿನ್ನುಗಳಿರಲಿಲ್ಲ.

‘ಮೇಡಂ ಹೊರಟ್ರು. ನನ್ನ ಹತ್ರ ಹೇಳಿ ಹೋದ್ರು.’

‘ಏನಂದ್ರು?’

‘ಹೊಲಿಗೆ ಚೆನ್ನಾಗಿದೆ ಅಂದ್ರು. ಮುಂದಿನ ವರ್ಷನೂ ಎರಡು ಪಾಳಿಗೂ ಈ ಪಾಠ ಇರ್ಲಿ ಅಂತ ಬರೀತೀನಿ ಅಂದ್ರು. ಇಷ್ಟು ಉಪಾಧ್ಯಾಯರು ಸೇರಿ ಒಂದು ಕೆಲಸ ಮಾಡಿದ್ದು ನಾನು ಎಲ್ಲೂ ನೋಡಿಲ್ಲ ಅಂದ್ರು.’

ಯಾರೂ ನಂಬಲಿಲ್ಲ. ಲೆಕ್ಕದ ಮೇಷ್ಟ್ರು ನಿಟ್ಟುಸಿರು ಬಿಟ್ಟರು. ‘ಬೈದ್ರು ತಾನೆ, ಟೀಚರ್? ನಮ್ಮ ಹತ್ರ ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ, ತಡ್ಕೊಳ್ತೀವಿ.’

‘ಅಯ್ಯೋ, ನಿಜವಾಗ್ಲೂ, ಮೇಷ್ಟ್ರೇ!’

‘ನೋಡಿದ್ರಾ, ಕಣ್ಣಲ್ಲಿ ನೀರು’ ಎಂದರು ಡ್ರಾಯಿಂಗ್ ಮೇಷ್ಟ್ರು. ‘ಕೆಲಸ ಹೋಯ್ತು.’

‘ಇಲ್ಲಾಂತ ಹೇಳ್ತಿದ್ದೀನಲ್ಲ! ಒಂದಕ್ಷರ ಸೇರಿಸಿಲ್ಲ. ಅಂಗೈಯಷ್ಟೂ ಬಟ್ಟೆ ಬಿಟ್ಟಿಲ್ಲ!’

ಚರಿತ್ರೆ ಟೀಚರು ಎದ್ದು ಅವರನ್ನು ತಬ್ಬಿಕೊಂಡು ಸಮಾಧಾನ ಹೇಳತೊಡಗಿದರು. ಕೊನೆಗೆ ಗಲಾಟೆ ಕೇಳಿ ಹೆಡ್‌ಮಿಸ್ಸೇ ಬಂದು, ಇನ್‌ಸ್ಪೆಕ್ಟರ್ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಹೇಳಬೇಕಾಯಿತು. ಹೊಲಿಗೆ ಟೀಚರು ಒಂದು ಮಾತನ್ನು ಬಿಟ್ಟಿದ್ದರಂತೆ. ‘ಇಂಥ ಸಹೋದ್ಯೋಗಿಗಳನ್ನ ಸಂಪಾದಿಸಿದವರ ಕೆಲಸ ತೆಗೆಯೋಕೆ ನನಗೆ ಕೈ ಬರಲ್ಲ’ ಎಂದಿದ್ದರಂತೆ ಇನ್‌ಸ್ಪೆಕ್ಟರ್. ತಮ್ಮ ಹೊಗಳಿಕೆಯನ್ನು ಮಾತ್ರ ಅವರು ಮುಟ್ಟಿಸಿರಲಿಲ್ಲ.

ಆ ಮೇಲೆ ಅವರು ಇನ್ನೂ ಎಷ್ಟೋ ವರ್ಷ ನಮ್ಮ ಶಾಲೆಯಲ್ಲಿ ಹೊಲಿಗೆ ಹೇಳಿಕೊಟ್ಟು ನಿವೃತ್ತರಾದರು. ಲೆಕ್ಕದ ಮೇಷ್ಟ್ರ ಮೊಮ್ಮಗಳಿಗೆ ಚರಿತ್ರೆ ಟೀಚರು ಅಂಗಿ ಹೊಲಿದುಕೊಟ್ಟರು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಮಗು ಎರಡು ವರ್ಷ ತೊಟ್ಟಿತು. ‘ಬೀಗಿತ್ತಿ ಬಟ್ಟೆ ಬಿಡೋದನ್ನ ಚೆನ್ನಾಗಿ ಕಲ್ತಿದ್ದಾರೆ’ ಎಂದು ಮೇಷ್ಟ್ರು ಅವರ ಮುಖಕ್ಕೇ ಹೇಳಿದರು. ಅಂಥ ಮಾತುಗಳನ್ನು ಮುಟ್ಟಿಸಲು ಈಗ ನಡುವೆ ಯಾರೂ ಬೇಕಾಗಿರಲಿಲ್ಲ.

ನನಗೂ ಈಗ ವಯಸ್ಸಾಯಿತು, ಹೆಚ್ಚು ತಿರುಗಾಡುವುದಿಲ್ಲ. ಮೊನ್ನೆ ಚರಿತ್ರೆ ಟೀಚರು ಮನೆಗೆ ಬಂದಿದ್ದಾಗ, ‘ಹೊಲಿಗೆ ಟೀಚರ್ ಸಿಕ್ಕಿದ್ರು. ವ್ಯಾಕರಣದ ಮೇಷ್ಟ್ರು ಹೇಗಿದ್ದಾರೆ, ಅವರು ಹೊಲಿದ ಜೇಬು ಇನ್ನೂ ನನ್ನ ಹತ್ರ ಇದೆ ಅಂತ ಹೇಳಿ ಅಂದ್ರು’ ಎಂದರು. ಹೇಳುವ ಮುಂಚೆ ಅವರು ಹೊಲಿಗೆ ಟೀಚರ ಹಾಗೆಯೇ ಕನ್ನಡಕ ಸರಿಮಾಡಿಕೊಂಡದ್ದನ್ನು ನಾನು ಗಮನಿಸಿದೆ. ಆದರೂ ಏನೂ ಕೇಳಲಿಲ್ಲ. ‘ನಾನೂ ಬಹಳ ಕೇಳಿದೆ ಅಂತ ಹೇಳಿ’ ಎಂದೆ. ಅದಂತೂ ನಿಜ.